ನಂಬರ್ ಮರೆತ ಮಾಲೀಕ

ನನ್ನ ಕೆಲಸ ಏನೆಂದು ಮೈಸೂರಿನ ನೆಂಟರು ಕೇಳಿದರೆ ‘ಫೋನಿನ ಬೀಗ ಒಡೆಯೋದು’ ಎಂದು ಹೇಳಿ ಮುಗಿಸುತ್ತೇನೆ. ಸುಳ್ಳಲ್ಲ. ಈಗಿನ ಫೋನುಗಳಲ್ಲಿ ದೊಡ್ಡ ಪ್ರೊಸೆಸರಿನ ಜೊತೆಗೆ ಒಂದು ಸಣ್ಣ ಚಿಪ್ ಇರುತ್ತದೆ. ನಾವು ಒತ್ತುವ ನಂಬರ್ ಸರಿಯೋ ತಪ್ಪೋ ಎಂದು ಹೇಳುವುದು ಅದು. ಫೋನಿನಲ್ಲಿರುವ ಚಿತ್ರ, ಮಾತು, ಸಂದೇಶ ಎಲ್ಲವನ್ನೂ ಬಿಚ್ಚುವ ಕೀಲಿ ಅದರೊಳಗೇ ಹುಟ್ಟಿ ಅದರೊಳಗೇ ಇರುತ್ತದೆ, ಹೊರಗೆ ಬರುವುದಿಲ್ಲ. ಫೋನಿನ ಉಳಿದ ಭಾಗಕ್ಕೂ ಅದು ಗೊತ್ತಿಲ್ಲ. ಇಂಥ ಚಿಪ್ಪುಗಳು ಮಾರುಕಟ್ಟೆಗೆ ಹೋಗುವ ಮುಂಚೆ ನಮ್ಮಂಥ ಪ್ರಯೋಗಾಲಯಕ್ಕೆ ಬರುತ್ತವೆ. ನಾವು ಅದರ ಮೇಲ್ಪದರವನ್ನು ಕೆರೆದು ತೆಗೆದು, ಲೇಸರ್ ಹಾಯಿಸಿ, ಅದು ಎಳೆದುಕೊಳ್ಳುವ ವಿದ್ಯುತ್ತನ್ನು ಅಳೆದು, ಹೇಗಾದರೂ ಅದರ ಬಾಯಿ ಬಿಡಿಸಲು ತಿಂಗಳುಗಟ್ಟಲೆ ಒದ್ದಾಡುತ್ತೇವೆ. ಬಿಡದಿದ್ದರೆ ಒಳ್ಳೆಯ ಚಿಪ್ ಎಂದು ವರದಿ ಬರೆದು ಸಹಿ ಹಾಕುತ್ತೇವೆ. ಕೈಲಾಗಲಿಲ್ಲ ಎಂದು ಬರೆದು ಸಂಬಳ ತೆಗೆದುಕೊಳ್ಳುವ ಕೆಲಸ ಲೋಕದಲ್ಲಿ ಹೆಚ್ಚಿಲ್ಲ.

ಆ ಪ್ರಯೋಗಾಲಯದಲ್ಲಿ ನನ್ನ ಎದುರು ಮೇಜಿನಲ್ಲಿ ಕೂರುತ್ತಿದ್ದವನು ಹುಬ್ಬಳ್ಳಿಯವನು. ನನಗಿಂತ ಚಿಕ್ಕವನು. ನಮ್ಮಿಬ್ಬರ ಮನೆಯೂ ಡಚ್ಚರ ದೇಶದ ಐಂಡ್‌ಹೋವನ್ ಪಕ್ಕದ ಬೆಸ್ಟ್ ಎಂಬ ಊರಿನಲ್ಲಿ, ಒಂದು ಬೀದಿಯ ಅಂತರದಲ್ಲಿ. ಅವನ ಹೆಂಡತಿ ಧಾರವಾಡದವಳು, ಒಂದು ಗೋದಾಮು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದಳು. ಏಳು ವರ್ಷದ ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಡಚ್ಚಿನಲ್ಲಿ ಬರುತ್ತಿತ್ತು. ಅದಕ್ಕೇ ಅವನು ಕೆಲಸದ ಮೇಲೆ ಬೇರೆ ಊರಿಗೆ ಹೋದಾಗಲೆಲ್ಲ ಹೋಟೆಲ್ ಕೋಣೆಯಲ್ಲಿ ಕೂತು, ತನ್ನ ಕಡೆಯ ಕನ್ನಡದಲ್ಲಿ ಮಗಳಿಗೆ ಕಥೆ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದ. ಊರಿಗೆ ಬಂದಮೇಲೆ ಅವಳಿಗೆ ಕೇಳಿಸುತ್ತಿದ್ದ. ವರ್ಷಗಳಿಂದ ಹಾಗೆ ಮಾಡಿದ್ದು ಬಹಳ ಸೇರಿತ್ತು. ಅವುಗಳ ನಕಲನ್ನು ಆನ್‌ಲೈನ್‌ನಲ್ಲಿ ಎಲ್ಲೂ ಇಟ್ಟಿರಲಿಲ್ಲ. ಏನೇನು ಹೇಗೆ ಒಡೆಯುತ್ತದೆ ಎಂದು ದಿನವೂ ನೋಡುವವರು ನಂಬುವ ಜಾಗಗಳು ಕಡಿಮೆ. ಅವನು ನಂಬಿದ್ದು ತನ್ನ ಜೇಬಿನಲ್ಲಿದ್ದ ಆ ಒಂದು ಚಿಪ್ಪನ್ನು.

ಎರಡು ವರ್ಷದ ಹಿಂದಿನ ಶರತ್ಕಾಲ. ಸ್ಟೇಷನ್ನಿಗೆ ಸೈಕಲ್ಲಿನಲ್ಲಿ ಹೋಗುವಾಗ ತಿರುವಿನಲ್ಲಿ ಒದ್ದೆ ಎಲೆಗಳ ಮೇಲೆ ಅವನ ಚಕ್ರ ಜಾರಿತು. ರಸ್ತೆಯಂಚಿನ ಕಲ್ಲಿಗೆ ತಲೆ ಬಡಿಯಿತು. ಇಲ್ಲಿ ಸೈಕಲ್ಲಿಗೆ ಯಾರೂ ಹೆಲ್ಮೆಟ್ ಹಾಕುವುದಿಲ್ಲ, ಅವನೂ ಹಾಕಿರಲಿಲ್ಲ. ತಲೆಯ ಎಡಭಾಗದೊಳಗೆ ರಕ್ತಸ್ರಾವವಾಗಿತ್ತು. ಆಪರೇಷನ್ ಆಯಿತು, ಜೀವ ಉಳಿಯಿತು. ಎಚ್ಚರವಾದಾಗ ಬಲಗೈಯಲ್ಲಿ ಶಕ್ತಿಯಿರಲಿಲ್ಲ, ಮಾತು ಹೋಗಿತ್ತು. ಹೇಳಿದ್ದು ಅರ್ಧಂಬರ್ಧ ಅರ್ಥವಾಗುತ್ತಿತ್ತೇ ಹೊರತು ಬಾಯಿಂದ ಬರುತ್ತಿದ್ದದ್ದು ಒಂದೇ ಶಬ್ದ, ಹೌದು ಎನ್ನುವ ಡಚ್ಚರ ‘ಯಾ’. ನೀರು ಬೇಕಾ ಎಂದರೂ ಯಾ, ನೋವಾಗ್ತಿದೆಯಾ ಎಂದರೂ ಯಾ, ನಾನು ಯಾರು ಎಂದು ಹೆಂಡತಿ ಕೇಳಿದರೂ ಯಾ.

ಆಸ್ಪತ್ರೆಯವರು ಅವನ ಬಟ್ಟೆ, ವಾಚು, ಫೋನುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಚೀಲ ಒಂದು ವಾರ ಕಪಾಟಿನಲ್ಲಿತ್ತು. ಆ ವಾರದಲ್ಲಿ ಯಾರಿಗೂ ಫೋನಿನ ನೆನಪಾಗಲಿಲ್ಲ, ಅದರ ಬ್ಯಾಟರಿ ಖಾಲಿಯಾಗಿ ಆಫ್ ಆಯಿತು. ಆಮೇಲೆ ಚಾರ್ಜ್ ಮಾಡಿ, ಮಲಗಿದ್ದ ಗಂಡನ ಬೆರಳನ್ನು ಒತ್ತಿಸಿದರೆ ಫೋನ್ ಒಪ್ಪಲಿಲ್ಲ. ಒಮ್ಮೆ ಆಫ್ ಆಗಿ ಎದ್ದ ಫೋನು ಬೆರಳನ್ನು ನಂಬುವುದಿಲ್ಲ, ಮೊದಲು ನಂಬರ್ ಕೇಳುತ್ತದೆ. ಅವಳು ಮಗಳ ಹುಟ್ಟಿದ ದಿನ ಹಾಕಿದಳು, ಮದುವೆಯ ತಾರೀಖು ಹಾಕಿದಳು, ಹುಬ್ಬಳ್ಳಿಯ ಹಳೆಯ ಸ್ಕೂಟರಿನ ನಂಬರ್ ಹಾಕಿದಳು. ಪ್ರತಿ ತಪ್ಪಿಗೂ ಫೋನು ಮುಂದಿನ ಪ್ರಯತ್ನಕ್ಕೆ ಇನ್ನಷ್ಟು ಹೊತ್ತು ಕಾಯಿಸತೊಡಗಿತು.

ಒಂದು ಭಾನುವಾರ ಬೆಳಗ್ಗೆ ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಕೋಟು ಬಿಚ್ಚದೆ ಅಡುಗೆಮನೆಯ ಮೇಜಿನ ಮುಂದೆ ಕೂತು ಫೋನನ್ನು ನನ್ನ ಕಡೆ ಸರಿಸಿದಳು. ಮಗಳು ಅಪ್ಪನ ಕಥೆ ಬೇಕೆಂದು ಹಟ ಮಾಡುತ್ತಿದ್ದಾಳೆ, ಸರ್ಕಾರದ ಲಾಗಿನ್ನೂ ಇದರಲ್ಲೇ ಇದೆ, ವಿಮೆಯವರ ಪತ್ರವ್ಯವಹಾರವೂ ಇದರಲ್ಲೇ ಇದೆ ಎಂದಳು.

“ಅಕ್ಕಾ, ಇದನ್ನ ಒಡೆಯೋದ ನಿಮ್ಮ ಕೆಲಸ ಅಲ್ಲೇನ್ರಿ? ಒಡೀರಿ.”

ನಾನು ಮೊದಲು ಕೇಳಿದ್ದು ಎಷ್ಟು ಸಲ ಪ್ರಯತ್ನಿಸಿದೆ ಎಂದು. ಅವಳಿಗೆ ಸರಿಯಾಗಿ ನೆನಪಿರಲಿಲ್ಲ. ಒಂದು ಮಿತಿ ದಾಟಿದರೆ ಎಲ್ಲವನ್ನೂ ಅಳಿಸಿಹಾಕುವ ಏರ್ಪಾಡನ್ನು ಅವನು ಮಾಡಿಕೊಂಡಿದ್ದ. ನನ್ನ ಫೋನಿಗೂ ಮಾಡಿಕೊಟ್ಟಿದ್ದವನು ಅವನೇ, ಹಾಗಾಗಿ ಗೊತ್ತಿತ್ತು. ಇನ್ನು ಕೈ ಹಚ್ಚಬೇಡ ಎಂದೆ. ತಪ್ಪುಗಳ ಲೆಕ್ಕ ಇಡುವುದೂ ಆ ಸಣ್ಣ ಚಿಪ್ಪೇ, ಹೊರಗಿನಿಂದ ಯಾರೂ ಆ ಲೆಕ್ಕವನ್ನು ಹಿಂದಕ್ಕೆ ತಿರುಗಿಸಲಾಗದು, ತಯಾರಿಸಿದ ಕಂಪನಿಯೂ ಕೂಡ ಎಂದು ವಿವರಿಸಿದೆ. ನಾವು ಪ್ರಯೋಗಾಲಯದಲ್ಲಿ ಒಡೆಯಲು ನೋಡುವುದು ಕಂಪನಿಯವರೇ ಅದಕ್ಕೆಂದು ಕೊಟ್ಟ ಮಾದರಿಗಳನ್ನು. ಹತ್ತು ಹಾಳಾದರೆ ಇನ್ನೊಂದು ಹತ್ತು ಕೊಡುತ್ತಾರೆ. ಇದು ಇರುವುದು ಒಂದೇ.

ಅವಳು ಎಲ್ಲವನ್ನೂ ಕೇಳಿಸಿಕೊಂಡಳು. “ಅಂದ್ರ ಮಾಲಕ ಬಂದು ಮುಂದ ಕುಂತ್ರೂ ಇದು ಬಾಗಲಾ ತಗ್ಯಾಂಗಿಲ್ಲೇನ್ರಿ?”

“ಮಾಲೀಕ ಯಾರು ಅಂತ ಅದಕ್ಕೆ ಗೊತ್ತಾಗೋದು ಆ ನಂಬರಿಂದ ಮಾತ್ರ ಕಣಮ್ಮ” ಎಂದೆ.

ಹೇಳಿದ ಮೇಲೆ ಅದು ಎಷ್ಟು ಒರಟಾದ ಮಾತು ಎಂದು ತಿಳಿಯಿತು. ಆಸ್ಪತ್ರೆಯಲ್ಲಿದ್ದ ಅವಳ ಗಂಡನಿಗೆ ಆಗ ತನ್ನ ಹೆಸರು ಹೇಳಲೂ ಬರುತ್ತಿರಲಿಲ್ಲ.

ಆದರೂ ಸೋಮವಾರ ನಾನು ನಮ್ಮ ವಿಭಾಗದ ಮುಖ್ಯಸ್ಥರ ಬಳಿ ಹೋದೆ. ಡಚ್ ಮನುಷ್ಯ, ನಿವೃತ್ತಿಗೆ ಹತ್ತಿರವಾಗಿದ್ದವರು, ನನ್ನ ಗೆಳೆಯನನ್ನು ಕೆಲಸಕ್ಕೆ ಆರಿಸಿದವರೂ ಅವರೇ. ಅಪಘಾತದ ಮರುದಿನವೇ ಆಸ್ಪತ್ರೆಗೆ ಹೋಗಿ ಕೂತು ಬಂದಿದ್ದರು. ನನ್ನ ಮಾತು ಪೂರ್ತಿ ಕೇಳಿ, ಆಗುವುದಿಲ್ಲ ಎಂದರು. ಚಿಪ್ಪನ್ನು ಬಿಚ್ಚಿದರೆ ಅದು ಸಾಯುವ ಸಾಧ್ಯತೆಯೇ ಹೆಚ್ಚು, ಅದು ನಿನಗೂ ಗೊತ್ತು ಎಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು. ನಮ್ಮವರಿಗೆ ಬೇಕಾದಾಗ ತೆರೆಯಬಹುದು ಎಂದಾದರೆ ಇಷ್ಟು ವರ್ಷ ನಾವು ಸಹಿ ಹಾಕಿದ್ದು ಯಾವುದಕ್ಕೆ? ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿಯೂ ನನ್ನನ್ನು ಕೇಳಿದರು. ಫೋನ್ ತಯಾರಿಸಿದ ಕಂಪನಿಯ ಸಹಾಯವಾಣಿಗೂ ಕರೆ ಮಾಡಿದೆ. ಬಹಳ ನಯವಾಗಿ ಮಾತಾಡಿದರು. ಖರೀದಿಯ ರಸೀದಿ ಇದ್ದರೆ ಎಲ್ಲ ಅಳಿಸಿ ಹೊಸದರಂತೆ ಮಾಡಿಕೊಡುತ್ತೇವೆ ಎಂದರು.

ಇದನ್ನೆಲ್ಲ ತಿಳಿಸಿದಾಗ ಅವಳು ಸರಿ ಎಂದಷ್ಟೇ ಹೇಳಿದಳು. ಮುಂದಿನ ಕೆಲವು ವಾರ ನನ್ನ ಸಂದೇಶಗಳಿಗೆ ಒಂದೊಂದು ಪದದ ಉತ್ತರ ಬರುತ್ತಿತ್ತು. ಅಂಗಡಿಯಲ್ಲಿ ಸಿಕ್ಕರೆ ಬೇರೆ ಸಾಲಿಗೆ ಹೋಗುತ್ತಿದ್ದಳು. ನಾನೂ ಅವಳ ಬೆನ್ನು ಬೀಳಲಿಲ್ಲ. ಅವಳ ಜಾಗದಲ್ಲಿದ್ದರೆ ಎದುರು ಮೇಜಿನವಳ ಮೇಲೆ ನನಗೂ ಸಿಟ್ಟು ಬರುತ್ತಿತ್ತು. ಮಾಡುವುದು ಗೊತ್ತಿದೆ, ಮಾಡುತ್ತಿಲ್ಲ ಎಂದೇ ಅನಿಸುತ್ತಿತ್ತು.

ಮತ್ತೆ ಕರೆ ಬಂದದ್ದು ಅವನನ್ನು ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದ ಮೇಲೆ. ಅಲ್ಲಿ ಮಾತಿನ ಚಿಕಿತ್ಸೆ ಮಾಡುತ್ತಿದ್ದ ಡಚ್ ಹೆಂಗಸಿಗೆ ಅವನ ಮನೆಮಾತು ಬರುತ್ತಿರಲಿಲ್ಲ. ಕನ್ನಡ ಇಂಗ್ಲಿಷ್ ಡಚ್ ಮೂರೂ ಬಲ್ಲವರು ಒಬ್ಬರು ಬೇಕು ಎಂದಿದ್ದಳಂತೆ. ಹೆಂಡತಿಯ ಡಚ್ ಅಂಗಡಿಯ ಮಟ್ಟದ್ದು. ಹಾಗಾಗಿ ವಾರಕ್ಕೊಂದು ಮಧ್ಯಾಹ್ನ ನಾನು ಹೋಗತೊಡಗಿದೆ. ಆ ಹೊತ್ತಿಗೆ ಅವನ ಬಲಗೈ ಲೋಟ ಹಿಡಿಯುವಷ್ಟು ಚೇತರಿಸಿಕೊಂಡಿತ್ತು. ಶಬ್ದಗಳು ಒಂದೊಂದಾಗಿ ಬರುತ್ತಿದ್ದವು, ಆದರೆ ಬೇಕಾದ್ದು ಬರದೆ ಅದರ ಪಕ್ಕದ್ದು ಬರುತ್ತಿತ್ತು. ಚಮಚ ಕೇಳಲು ಹೋಗಿ ಬಟ್ಟಲು ಎನ್ನುತ್ತಿದ್ದ. ಅಂಕಿಗಳಂತೂ ಪೂರ್ತಿ ಕಲಸಿಹೋಗಿದ್ದವು. ಮೂರು ಬೆರಳು ತೋರಿಸಿ ಎಷ್ಟು ಎಂದರೆ ಎಂಟು ಎನ್ನುತ್ತಿದ್ದ, ತಪ್ಪೆಂದು ತನಗೇ ಗೊತ್ತಾಗಿ ಮುಖ ಹಿಂಡುತ್ತಿದ್ದ.

ಫೋನಿನ ವಿಷಯ ಆ ಚಿಕಿತ್ಸಕಿಗೆ ಹೇಳಿದ್ದು ಹೆಂಡತಿ. ಆಗ ಚಿಕಿತ್ಸಕಿ ಒಂದು ಮಾತು ಹೇಳಿದಳು. ನಾಲಿಗೆಗೆ ಮರೆತದ್ದು ಕೈಗೆ ಮರೆತಿರಬೇಕೆಂದಿಲ್ಲ, ಅವೆರಡೂ ತಲೆಯಲ್ಲಿ ಬೇರೆ ಬೇರೆ ಜಾಗ. ಹೆಂಡತಿ ತಕ್ಷಣ ನನ್ನ ಮುಖ ನೋಡಿದಳು. ನನಗೆ ದಾರಿ ಹೊಳೆಯಿತು. ನಿಜವಾದ ಫೋನಿನಲ್ಲಿ ಇನ್ನೊಂದು ತಪ್ಪು ಮಾಡುವಂತಿಲ್ಲ. ಆದರೆ ಅದೇ ಮಾದರಿಯ ಇನ್ನೊಂದು ಫೋನಿನಲ್ಲಿ ಅದೇ ಥರದ ನಂಬರ್ ಪರದೆಯನ್ನು ತೋರಿಸಿ, ಅವನ ಬೆರಳು ಏನು ಒತ್ತುತ್ತದೆ ಎಂದು ಬರೆದಿಟ್ಟುಕೊಳ್ಳಬಹುದು. ಅಂಥ ಆ್ಯಪ್ ಬರೆಯುವುದು ಒಂದು ಸಂಜೆಯ ಕೆಲಸ.

ಬರೆಯುತ್ತ ಕೂತಾಗ ನನಗೆ ಕಸಿವಿಸಿಯಾಯಿತು. ಸುಳ್ಳು ಬೀಗದ ಪರದೆ ತೋರಿಸಿ ನಂಬರ್ ಕದಿಯುವುದು ನಮ್ಮ ವೃತ್ತಿಯಲ್ಲಿ ಬಹಳ ಹಳೆಯ ಮೋಸ. ಹೊಸದಾಗಿ ಸೇರಿದವರಿಗೆ ನಾನೂ ಅವನೂ ಸೇರಿ ಅದರ ಬಗ್ಗೆ ಪಾಠ ಮಾಡುತ್ತಿದ್ದೆವು. ಈಗ ಅದನ್ನೇ ಅವನ ಮೇಲೆ ಮಾಡಬೇಕಿತ್ತು. ಅವನ ಒಪ್ಪಿಗೆ ಇಲ್ಲದೆ ಮಾಡುವುದಿಲ್ಲ ಎಂದು ಹೆಂಡತಿಗೆ ಹೇಳಿದೆ. ಎಲ್ಲದಕ್ಕೂ ಯಾ ಅನ್ನೋರ ಒಪ್ಪಿಗೆ ಹೆಂಗ ಕೇಳ್ತೀರಿ ಎಂದು ಅವಳು ಕೇಳಿದಳು, ನ್ಯಾಯವಾದ ಪ್ರಶ್ನೆ. ಚಿಕಿತ್ಸಕಿ ಉಪಾಯ ಹೇಳಿಕೊಟ್ಟಳು. ಒಂದೇ ಪ್ರಶ್ನೆಯನ್ನು ಎರಡು ಬಗೆಯಲ್ಲಿ, ಬೇರೆ ಬೇರೆ ದಿನ ಕೇಳಿ ಎಂದಳು. ಒಂದು ದಿನ, ಫೋನ್ ತೆರೆಯೋಕೆ ಪ್ರಯತ್ನ ಮಾಡೋಣವಾ ಎಂದು ಕೇಳಿದೆ, ತಲೆಯಾಡಿಸಿದ. ಇನ್ನೊಂದು ದಿನ, ಫೋನ್ ಹಾಗೇ ಮುಚ್ಚಿರಲಿ, ಬಿಟ್ಟುಬಿಡೋಣವಾ ಎಂದು ಕೇಳಿದೆ. ಅವನು ನನ್ನನ್ನು ದಿಟ್ಟಿಸಿ, “ನೇ” ಎಂದ. ಇಲ್ಲ ಎನ್ನುವ ಆ ಡಚ್ ಶಬ್ದವನ್ನು ಅವನ ಬಾಯಲ್ಲಿ ಅಪಘಾತದ ನಂತರ ನಾನು ಕೇಳಿದ್ದು ಅದೇ ಮೊದಲು. ಹೆಂಡತಿ ನಕ್ಕಳು. ಇದು ನಿಜವಾದ ಫೋನಲ್ಲ, ನೀನು ಒತ್ತಿದ್ದು ನನಗೆ ಕಾಣುತ್ತದೆ ಎಂದು ಅವನಿಗೆ ತಿಳಿಸಿಯೇ ಆ ಫೋನನ್ನು ಕೈಗೆ ಕೊಟ್ಟೆ.

ಅದು ಫಲ ಕೊಡಲಿಲ್ಲ. ಅವನು ಪರದೆ ನೋಡುತ್ತ, ಹೆಬ್ಬೆರಳನ್ನು ಅಂಕಿಗಳ ಮೇಲೆ ಸುಳಿದಾಡಿಸುತ್ತ, ಪ್ರತಿ ಸಲ ಬೇರೆ ಬೇರೆ ನಂಬರ್ ಒತ್ತಿದ. ಮೂರು ವಾರ ಹೀಗೇ ನಡೆಯಿತು. ಒತ್ತಬೇಕೆಂದು ಯೋಚಿಸಿದಷ್ಟೂ ಬೆರಳು ತಡವರಿಸುತ್ತಿತ್ತು. ಕೊನೆಯ ಸಲ ಆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ನನ್ನ ಕಡೆ ತಳ್ಳಿದ. ಹೆಂಡತಿ ಅವನ ಭುಜ ಸವರಿ, ಇರ್ಲಿ ಬಿಡ್ರಿ ಎಂದಳು. ಹೊರಗೆ ಕಾರಿಡಾರಿನಲ್ಲಿ ನನಗೆ, ಇನ್ನ ಇದರ ವಿಷಯ ಬ್ಯಾಡ ಅಕ್ಕಾ ಎಂದಳು. ಹಿಂದಿನ ಸಿಟ್ಟು ಅವಳ ದನಿಯಲ್ಲಿರಲಿಲ್ಲ, ಸುಸ್ತಿತ್ತು. ಆದರೂ ಫೋನನ್ನು ಚಾರ್ಜ್ ಮಾಡಿ ತನ್ನ ಚೀಲದಲ್ಲೇ ಇಟ್ಟುಕೊಳ್ಳುತ್ತಿದ್ದಳು. ಹುಬ್ಬಳ್ಳಿಯಿಂದ ಅವನ ಕಡೆಯವರು ಅದಕ್ಕೇ ಕರೆ ಮಾಡುತ್ತಿದ್ದರು. ಬೀಗ ಹಾಕಿದ್ದರೂ ಕರೆ ಬರುತ್ತಿತ್ತು, ಹೆಸರು ಬರುತ್ತಿರಲಿಲ್ಲ, ಬರಿಯ ಸಂಖ್ಯೆ ಕಾಣುತ್ತಿತ್ತು. ಯಾರೆಂದು ದನಿಯಿಂದ ತಿಳಿಯಬೇಕಿತ್ತು.

ವಸಂತದ ಹೊತ್ತಿಗೆ ಶನಿವಾರ ಭಾನುವಾರ ಅವನನ್ನು ಮನೆಗೆ ಕಳಿಸತೊಡಗಿದರು. ಅವರಲ್ಲಿ ಕಾರಿರಲಿಲ್ಲ, ನಾನು ಕರೆದೊಯ್ಯುತ್ತಿದ್ದೆ. ಅಂಥ ಒಂದು ಶುಕ್ರವಾರ ಮಧ್ಯಾಹ್ನ ನಾವು ನಾಲ್ವರೂ ಕೇಂದ್ರದ ಬಾಗಿಲಲ್ಲಿ ನಿಂತಿದ್ದೆವು. ಹೊರಗೆ ಮಳೆ, ಕಾರು ದೂರದಲ್ಲಿತ್ತು. ಓಡಿಹೋಗಿ ಕಾರು ತರುವುದೋ ಕಾಯುವುದೋ ಎಂದು ನಾನು ಹೆಂಡತಿಯೊಡನೆ ಮಾತಾಡುತ್ತಿದ್ದೆ. ಅವಳು ಮಗಳ ಜಾಕೆಟ್ಟಿನ ಜಿಪ್ಪು ಎಳೆಯಲು ಬಗ್ಗಿದಳು, ಬಗ್ಗುವ ಮುಂಚೆ ಚೀಲವನ್ನು ಗಂಡನ ತೋಳಿಗೆ ಹಾಕಿದಳು. ಫೋನು ಚೀಲದ ಹೊರಜೇಬಿನಲ್ಲಿತ್ತು.

ಈ ದೇಶದಲ್ಲಿ ಹೊರಗೆ ಕಾಲಿಡುವ ಮುಂಚೆ ಎಲ್ಲರೂ ಫೋನಿನಲ್ಲಿ ಮಳೆಯ ನಕ್ಷೆ ನೋಡುತ್ತಾರೆ. ಮೋಡ ಎಲ್ಲಿದೆ, ನಮ್ಮ ತಲೆಯ ಮೇಲಿಂದ ಯಾವಾಗ ದಾಟುತ್ತದೆ ಎಂದು ಅದು ತೋರಿಸುತ್ತದೆ. ಅವನೂ ದಿನಕ್ಕೆ ಹತ್ತು ಸಲ ನೋಡುತ್ತಿದ್ದವನು. ಆ ದಿನ ಬಾಗಿಲಲ್ಲಿ ನಿಂತು ಮಳೆಯ ಕಡೆ ನೋಡುತ್ತಲೇ ಫೋನ್ ತೆಗೆದ. ಕಣ್ಣು ಹೊರಗಿತ್ತು. ಬಲಗೈಯ ಹೆಬ್ಬೆರಳು ಪರದೆಯ ಮೇಲೆ ನಿಧಾನವಾಗಿ, ತಡವರಿಸದೆ ಆಡಿತು. ನಾನು ನೋಡುವ ಹೊತ್ತಿಗೆ ಪರದೆಯ ತುಂಬ ನೀಲಿ ಮೋಡವಿತ್ತು.

“ನಿಲ್ತೈತಿ” ಎಂದ.

ಹೆಂಡತಿ ತಲೆಯೆತ್ತಿದಳು. ಅವಳಿಗೆ ಮೊದಲು ಕೇಳಿಸಿದ್ದು ಆ ಕನ್ನಡ ಶಬ್ದ, ಆಮೇಲೆ ಕಂಡದ್ದು ಫೋನು. ಅವನ ಕೈಯಲ್ಲಿ ಏನಾಗಿದೆ ಎಂದು ಅವನಿಗೇ ಆಗ ತಿಳಿಯಿತೆಂದು ಕಾಣುತ್ತದೆ. ಫೋನನ್ನೂ ನಮ್ಮನ್ನೂ ನೋಡಿ ಗಾಬರಿಯಾದ. ಏನು ಒತ್ತಿದೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವನು ಯೋಚಿಸುತ್ತಿದ್ದ, ಯೋಚಿಸಿದ್ದರೆ ಅದು ಸಿಗುತ್ತಿರಲಿಲ್ಲ.

ಹೆಂಡತಿ ಬಂದು ಅವನ ತೋಳು ಹಿಡಿದು ನಿಂತಳು. ಅತ್ತಳು, ಸದ್ದಿಲ್ಲದೆ. ಮಗಳು ಯಾಕೆಂದು ತಿಳಿಯದೆ ಡಚ್ಚಿನಲ್ಲಿ ಏನಾಯಿತು ಏನಾಯಿತು ಎಂದು ಕೇಳುತ್ತಿದ್ದಳು. ನಾನು ಮಾತ್ರ ಕೆಲಸದ ಬುದ್ಧಿಯಲ್ಲಿದ್ದೆ. ಒಮ್ಮೆ ನಂಬರ್ ಸರಿಯಾಗಿ ಬಿದ್ದರೆ ಚಿಪ್ ಮತ್ತೆ ಬೆರಳನ್ನು ನಂಬುತ್ತದೆ, ಆದರೆ ಕೆಲವು ದಿನ ಮಾತ್ರ, ಅದೂ ಫೋನು ಆಫ್ ಆಗದಿದ್ದರೆ. ಇದನ್ನು ಹೇಳಿ, ಒಳಗೆ ವರಾಂಡದ ಬೆಂಚಿನ ಮೇಲೆ ಎಲ್ಲರನ್ನೂ ಕೂರಿಸಿದೆ. ಕಥೆಗಳನ್ನು ಹೆಂಡತಿಯ ಫೋನಿಗೆ ಕಳಿಸಲಾ ಎಂದು ಅವನನ್ನು ಕೇಳಿದೆ, ಈ ಫೋನಿನಲ್ಲೇ ಇರಲಿ ಅಂತೀಯಾ ಎಂದೂ ಕೇಳಿದೆ. ಮೊದಲನೆಯದಕ್ಕೆ ತಲೆಯಾಡಿಸಿದ, ಎರಡನೆಯದಕ್ಕೆ ಬೇಡವೆಂದು ಕೈಯಾಡಿಸಿದ. ಅವೆಲ್ಲ ಹೋಗಿ ಮುಗಿಯುವಷ್ಟರಲ್ಲಿ ಮಳೆ ನಿಂತಿತ್ತು. ನಮ್ಮಲ್ಲಿ ಯಾರೂ ಏಳಲಿಲ್ಲ.

ಶನಿವಾರ ಅವರ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಊಟವಾದ ಮೇಲೆ ಹೆಂಡತಿ ಒಂದು ಕಥೆ ಹಾಕಿದಳು. ಹೊಲದಲ್ಲಿ ಕಳೆದುಹೋದ ಎಮ್ಮೆಯ ಕಥೆ. ಅವನ ಹಳೆಯ ದನಿ, ಓಡುವ ಮಾತು, ಎಮ್ಮೆಯ ಹಾಗೆ ಕೂಗುವುದು, ನಡುವೆ ತನಗೇ ನಗು ಬಂದು ತಡೆದುಕೊಳ್ಳುವುದು. ಮಗಳು ಸೋಫಾದ ಮೇಲೆ ಕುಣಿಯುತ್ತಿದ್ದಳು. ಅವನು ಸ್ವಲ್ಪ ಹೊತ್ತು ಕೇಳಿದ, ಯಾರೋ ಬೇರೆಯವರು ಮಾತಾಡುತ್ತಿದ್ದಾರೆ ಎಂಬಂತೆ. ಆಮೇಲೆ ಹೆಂಡತಿಯ ಕಡೆ ತಿರುಗಿ “ಬ್ಯಾಡ” ಎಂದ. ಅವಳು ತಕ್ಷಣ ನಿಲ್ಲಿಸಿದಳು. ಅಷ್ಟು ತಿಂಗಳು ಇದಕ್ಕಾಗಿ ನನ್ನ ಜೊತೆ, ಕಂಪನಿಯ ಜೊತೆ, ಆ ಫೋನಿನ ಜೊತೆ ಜಗಳವಾಡಿದವಳು ಒಂದು ಮಾತೂ ಆಡದೆ ನಿಲ್ಲಿಸಿದಳು. ಕಥೆಗಳು ಈಗ ಮಗಳ ಟ್ಯಾಬ್ಲೆಟ್ಟಿನಲ್ಲಿವೆ. ಅಪ್ಪ ಮನೆಯಲ್ಲಿದ್ದಾಗ ಅವಳು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾಳೆ.

ಹಳೆಯ ನಂಬರ್ ಯಾವುದೆಂದು ಯಾರಿಗೂ ತಿಳಿಯಲಿಲ್ಲ. ನಂಬರ್ ಬದಲಾಯಿಸಲೂ ಹಳೆಯದನ್ನು ಒತ್ತಬೇಕು, ಕೂತು ಒತ್ತಲು ಹೋದರೆ ಅವನ ಕೈಗೆ ಅದು ಮತ್ತೆ ಸಿಗಲಿಲ್ಲ. ಬೇಕಾದ್ದನ್ನೆಲ್ಲ ನಕಲು ಮಾಡಿಕೊಂಡ ಮೇಲೆ, ಅವನನ್ನು ಕೇಳಿ, ನಾನು ಫೋನನ್ನು ಪೂರ್ತಿ ಅಳಿಸಿದೆ. ಚಿಪ್ ತನ್ನ ಹಳೆಯ ಕೀಲಿಯನ್ನು ಮರೆತು ಹೊಸದನ್ನು ಮಾಡಿಕೊಂಡಿತು. ಅದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ಈಗ ಅವನು ಸಣ್ಣ ವಾಕ್ಯಗಳಲ್ಲಿ ಮಾತಾಡುತ್ತಾನೆ. ಲೇಸರ್ ಮುಂದೆ ಕೂರುವ ಕೆಲಸ ಆಗುವುದಿಲ್ಲ. ಸಂಸ್ಥೆ ಅವನಿಗೆ ಮಾದರಿಗಳನ್ನು ವಿಂಗಡಿಸಿಡುವ ಕೆಲಸ ಕೊಟ್ಟಿದೆ, ವಾರಕ್ಕೆ ಎರಡು ಬೆಳಗ್ಗೆ ಬರುತ್ತಾನೆ. ಹೆಂಡತಿ ಡಚ್ ತರಗತಿಗೆ ಸೇರಿದ್ದಾಳೆ. ಅಂಗಡಿಯಲ್ಲಿ ಸಿಕ್ಕರೆ ನಾವಿಬ್ಬರೂ ಅರ್ಧ ಗಂಟೆ ನಿಂತು ಮಾತಾಡುತ್ತೇವೆ.

ಅಳಿಸಿದ ಫೋನು ಆ ದಿನ ಹೊಸ ನಂಬರ್ ಕೇಳಿತು. ಹೆಂಡತಿ ತಾನೇ ಒಂದು ಸುಲಭದ್ದು ಹಾಕುತ್ತೇನೆ, ತಾನೂ ನೆನಪಿಟ್ಟುಕೊಳ್ಳುತ್ತೇನೆ ಎಂದಳು. ಅವನು ಫೋನನ್ನು ಎದೆಗೆ ಹಿಡಿದುಕೊಂಡು ಬೇಡವೆಂದು ತಲೆಯಲ್ಲಾಡಿಸಿದ. ಇನ್ನೊಮ್ಮೆ ಮರೆತರೆ ಏನ ಮಾಡ್ತೀರಿ ಎಂದು ಅವಳು ಕೇಳಿದಳು. ಅವನು ಶಬ್ದ ಹುಡುಕಿದ, ಬಹಳ ಹೊತ್ತು ಹಿಡಿಯಿತು, ನಾವು ಕಾದೆವು.

“ನಂದು” ಎಂದ.

ಅವನು ಎಡಗೈಯಿಂದ ಒಂದೊಂದೇ ಅಂಕಿ ಒತ್ತತೊಡಗಿದಾಗ ಅವಳು, ಮಗಳು, ನಾನು ಮೂವರೂ ಕಿಟಕಿಯ ಕಡೆ ತಿರುಗಿ ನಿಂತೆವು.